‘ಚೆನ್ನಾಗಿದೆ’ ಅಂದರೆ ಸಾಕೇ? ಪರದೆ ಮತ್ತು ಬೆರಳಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರಿಗಾಗಿ ಮೂವರು ಗೆಳೆಯರು ಸೇರಿ ಕನ್ನಡದಲ್ಲೇ ಒಂದು ಆ್ಯಪ್ ಮಾಡಿದ್ದೇವೆ. ಹಾಕಿದ ಹಾಲು, ಫ್ಯಾಟು, ಬಟವಾಡೆ ಎಲ್ಲ ಅದರಲ್ಲಿ ಸಿಗುತ್ತದೆ. ಇಪ್ಪತ್ತು ಜನಕ್ಕೆ ತೋರಿಸಿ ಕೇಳಿದೆವು, ಎಲ್ಲರೂ ‘ಚೆನ್ನಾಗಿದೆ’ ಎಂದರು. ತಿಂಗಳಾಯಿತು, ಬಳಸುವವರೇ ಇಲ್ಲ. ಎಲ್ಲಿ ಎಡವಿದೆವು? (ಅರಕಲಗೂಡಿನ ಓದುಗರು)

ಉತ್ತರ: ಕೇಳಿದ ರೀತಿಯಲ್ಲೇ ಎಡವಿದ್ದೀರಿ. ಮಾಡಿದವರೇ ಎದುರು ಕೂತು ‘ಹೇಗಿದೆ?’ ಅಂದರೆ ಮುಖಕ್ಕೆ ಹೊಡೆದಂತೆ ‘ಚೆನ್ನಾಗಿಲ್ಲ’ ಅನ್ನುವವರು ಎಷ್ಟು ಜನ? ಇದು ಬರೀ ಊಹೆಯಲ್ಲ. ಸಂಶೋಧಕಿ ನಿಕೋಲಾ ಡೆಲ್ ಮತ್ತು ಸಂಗಡಿಗರು ಬೆಂಗಳೂರಿನಲ್ಲೇ 450 ಸಂದರ್ಶನ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ದಾಕ್ಷಿಣ್ಯವನ್ನೇ ಅಳೆಯಿತು. ತೋರಿಸಿದ ಎರಡು ಮಾದರಿಗಳೂ ಒಂದೇ ಆಗಿದ್ದರೂ, ‘ಇದು ಸಂದರ್ಶಕರು ಮಾಡಿದ್ದು’ ಎಂದು ಗೊತ್ತಾದಾಗ ಜನ ಅದನ್ನೇ ಆರಿಸುವ ಸಾಧ್ಯತೆ ಸುಮಾರು 2.5 ಪಟ್ಟು ಹೆಚ್ಚಿತ್ತು. ಸಂದರ್ಶಕರು ವಿದೇಶಿಯಾಗಿದ್ದು ನಡುವೆ ದುಭಾಷಿ ಕೂತಾಗ ಅದು 5 ಪಟ್ಟಿಗೆ ಏರಿತು. ನಿಮಗೆ ಸಿಕ್ಕ ಇಪ್ಪತ್ತು ‘ಚೆನ್ನಾಗಿದೆ’ಗಳನ್ನು ಮರ್ಯಾದೆ ಎಂದು ಇಟ್ಟುಕೊಳ್ಳಿ, ಪುರಾವೆ ಎಂದಲ್ಲ.

ಮತ್ತೆ ಶುರು ಮಾಡಿ, ಈ ಸಲ ಕೆಲಸ ಕೊಟ್ಟು ನೋಡಿ. ಆ್ಯಪ್ ಬರೆಯದ ಒಬ್ಬರು ಪರೀಕ್ಷೆ ನಡೆಸಲಿ, ‘ಇದು ನಾನು ಮಾಡಿದ್ದಲ್ಲ, ತಪ್ಪು ಹುಡುಕಲು ಬಂದಿದ್ದೇನೆ’ ಎಂದು ಮೊದಲೇ ಹೇಳಲಿ. ಫೋನು ಬಳಸಿ ನೋಡುವವರದೇ ಇರಲಿ. ಜಾಗ ಹಾಲಿನ ಡೇರಿಯ ಮುಂದೆಯೇ ಆಗಲಿ, ಕೈ ಒದ್ದೆಯಿರುವ ಬೆಳಗಿನ ಹೊತ್ತಿನಲ್ಲೇ. ‘ಬಟವಾಡೆ ಗುಂಡಿ ಒತ್ತಿ’ ಎನ್ನಬೇಡಿ, ಆಗ ಅವರು ಆ ಪದವನ್ನಷ್ಟೇ ಹುಡುಕುತ್ತಾರೆ. ‘ಹೋದ ವಾರದ ಹಾಲಿನ ದುಡ್ಡು ಬಂತಾ ನೋಡಿ’ ಎನ್ನಿ. ಇಂಥ ನಾಲ್ಕು ಕೆಲಸ ಸಾಕು, ಒಬ್ಬರಿಗೆ ಅರ್ಧ ಗಂಟೆ ಮೀರಬಾರದು. ಮನಸ್ಸಿನಲ್ಲಿ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಮಾಡಲು ಕೇಳಿಕೊಳ್ಳಿ. ಬೆರಳು ಮೊದಲು ಎಲ್ಲಿಗೆ ಹೋಯಿತು, ಎಲ್ಲಿ ತಡೆಯಿತು, ಎಷ್ಟು ಸಲ ಹಿಂದಕ್ಕೆ ಬಂದರು, ಇವಿಷ್ಟನ್ನು ಬರೆದುಕೊಳ್ಳಿ. ಸಿಕ್ಕಿಹಾಕಿಕೊಂಡಾಗ ತಕ್ಷಣ ತೋರಿಸಿಕೊಡಬೇಡಿ, ಮೂವತ್ತು ಎಣಿಸಿ. ಪರೀಕ್ಷೆಗಳು ಕೆಡುವುದು ಹೆಚ್ಚಾಗಿ ಇಲ್ಲೇ. ನೋಡುತ್ತಾ ಕೂತವರಿಗೆ ಆ ಮೌನ ತಡೆಯಲಾಗದೆ ಕೈ ತಾನಾಗಿ ಪರದೆಗೆ ಹೋಗುತ್ತದೆ. ಸಹಾಯ ಮಾಡಲೇಬೇಕಾದರೆ ಆ ಕೆಲಸದ ಮುಂದೆ ‘ಆಗಲಿಲ್ಲ’ ಎಂದೇ ಬರೆಯಿರಿ.

ಎಷ್ಟು ಜನ ಬೇಕು? ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡಿದ ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಹಾಕಿದ ಲೆಕ್ಕದಲ್ಲಿ ಒಬ್ಬ ಬಳಕೆದಾರರಿಂದ ಸರಾಸರಿ 31% ತೊಂದರೆಗಳು ಬಯಲಾಗುತ್ತವೆ. ಆ ಪ್ರಕಾರ ಐವರಿಂದ ಸುಮಾರು 84%. ಹಾಗೆಂದು ಐದನ್ನು ಮಂತ್ರ ಮಾಡಿಕೊಳ್ಳಬೇಡಿ. ಹತ್ತರಲ್ಲಿ ಒಬ್ಬರಿಗೆ ಮಾತ್ರ ಕಾಡುವ ತೊಂದರೆ ಐವರ ಪರೀಕ್ಷೆಯಲ್ಲಿ ಒಮ್ಮೆಯಾದರೂ ಕಾಣುವ ಸಾಧ್ಯತೆ 41% ಅಷ್ಟೆ. ಐವರನ್ನು ನೋಡಿ, ತಿದ್ದಿ, ಬೇರೆ ಐವರನ್ನು ಕೂರಿಸಿ. ಹದಿನೈದು ಜನರನ್ನು ಒಟ್ಟಿಗೆ ನೋಡುವುದಕ್ಕಿಂತ ಇದು ಮೇಲು, ಏಕೆಂದರೆ ಮೊದಲ ದೊಡ್ಡ ತಪ್ಪು ಹೋಗುವವರೆಗೂ ಅದರ ಹಿಂದಿನದು ಕಾಣುವುದೇ ಇಲ್ಲ.

ಪ್ರಶ್ನೆ: ಅಮ್ಮನಿಗೆ 68. ಯಾವ ಆ್ಯಪ್ ತೆರೆಯಲು ಹೋದರೂ ಅದರ ಮೇಲೆ ಇನ್ನೇನೋ ಪಟ್ಟಿ ಬರುತ್ತದೆ, ಕೆಲವೊಮ್ಮೆ ಐಕಾನೇ ಜಾಗ ಬಿಟ್ಟು ಹೋಗುತ್ತದೆ. ಫೋನು ಕೆಟ್ಟಿದೆಯೇ? (ಹೊನ್ನಾವರದ ಓದುಗರು)

ಉತ್ತರ: ಫೋನು ಸರಿಯಿದೆ, ಅಮ್ಮನೂ ಸರಿಯಿದ್ದಾರೆ. ಬೆರಳು ಅರ್ಧ ಸೆಕೆಂಡಿನ ಆಸುಪಾಸು ನಿಂತರೆ ಆಂಡ್ರಾಯ್ಡ್ ಅದನ್ನು ‘ಒತ್ತಿ ಹಿಡಿದದ್ದು’ ಎಂದು ಓದುತ್ತದೆ, ಪಟ್ಟಿ ಬರುವುದೂ ಐಕಾನ್ ಜರುಗುವುದೂ ಆಗಲೇ. ಮಿಕ್ಸಿ ಸ್ವಿಚ್ಚು, ಕಾಲಿಂಗ್ ಬೆಲ್ ಒತ್ತಿ ಪಳಗಿದ ಕೈ ‘ಟಕ್’ ಎನ್ನುವವರೆಗೆ ಬಿಡುವುದಿಲ್ಲ, ಗಾಜಿಗೆ ಆ ‘ಟಕ್’ ಇಲ್ಲ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ‘ಟಚ್ ಆ್ಯಂಡ್ ಹೋಲ್ಡ್ ಡಿಲೇ’ ಹುಡುಕಿ ‘ಲಾಂಗ್’ ಮಾಡಿ. ಫೋನಿನಿಂದ ಫೋನಿಗೆ ಮೆನು ಬದಲಾಗುತ್ತದೆ, ಸೆಟ್ಟಿಂಗ್ಸ್‌ನ ಮೇಲಿನ ಹುಡುಕು ಪೆಟ್ಟಿಗೆ ಬಳಸಿ. ಜೊತೆಗೆ ‘ಡಿಸ್‌ಪ್ಲೇ ಸೈಜ್’ ಒಂದು ಹಂತ ಏರಿಸಿ. ‘ಫಾಂಟ್ ಸೈಜ್’ ಅಕ್ಷರವನ್ನಷ್ಟೇ ದೊಡ್ಡದು ಮಾಡುತ್ತದೆ, ಇದು ಗುಂಡಿಯನ್ನೂ ದೊಡ್ಡದು ಮಾಡುತ್ತದೆ. ಗುರಿ ಕಿರಿದಾದಷ್ಟೂ ದೂರವಾದಷ್ಟೂ ಕೈಗೆ ಹೆಚ್ಚು ಸಮಯ ಬೇಕೆಂದು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಲೆಕ್ಕ ಸಮೇತ ತೋರಿಸಿದ್ದರು. ವಯಸ್ಸಾದವರಿಗೆ ಆ ಸಮಯ ಕೊಡುವುದು ವಿನ್ಯಾಸಕಾರರ ಕರ್ತವ್ಯ.

ಪ್ರಶ್ನೆ: ನಮ್ಮ ಅರ್ಜಿ ನಮೂನೆಯಲ್ಲಿ ಕನ್ನಡದ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ‘ಲಕ್ಷ್ಮಿ’ ಎಂದು ಬರೆದರೆ ‘ಲಕ್’ ಎಂದು ಮುದ್ರಣವಾದದ್ದೂ ಉಂಟು. (ಬಳ್ಳಾರಿಯ ಓದುಗರು)

ಉತ್ತರ: ಇವು ಬೇರೆ ಬೇರೆ ಕಾಯಿಲೆಗಳು. ಬುಡ ಕತ್ತರಿಸುವುದಕ್ಕೆ ಕಾರಣ ಇಂಗ್ಲಿಷ್ ಅಕ್ಷರದ ಅಳತೆಗೆ ಎತ್ತರ ಬಿಗಿದ ಪೆಟ್ಟಿಗೆ. ಎತ್ತರವನ್ನು ಸಡಿಲ ಬಿಟ್ಟು ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.5 ಪಟ್ಟಿಗೆ ಏರಿಸಿ, ಮತ್ತೆ ‘ರಾಷ್ಟ್ರ’, ‘ಸ್ತ್ರೀ’, ‘ವೈಶಿಷ್ಟ್ಯ’ ಬರೆದು ನೋಡಿ.

ಎರಡನೆಯದು ಲೆಕ್ಕದ ತಪ್ಪು. ‘ಲಕ್ಷ್ಮಿ’ ಕಣ್ಣಿಗೆ ಎರಡೇ ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದು ಲ, ಕ, ಹಲಂತ, ಷ, ಹಲಂತ, ಮ, ಗುಡಿಸು, ಒಟ್ಟು 7 ಸಂಕೇತ. ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಒಂದೊಂದಕ್ಕೂ 3 ಬೈಟ್ ಜಾಗ ಬೇಕು, ಅಂದರೆ ಒಟ್ಟು 21. ಹೆಸರಿಗೆ 20 ಬೈಟ್ ಮಾತ್ರ ಜಾಗ ಇಟ್ಟ ಕೋಷ್ಟಕದಲ್ಲಿ ಲಕ್ಷ್ಮಿಯೇ ಹಿಡಿಸುವುದಿಲ್ಲ! ಮೂರನೇ ಸಂಕೇತಕ್ಕೆ ಕತ್ತರಿಸಿದರೆ ಉಳಿಯುವುದು ‘ಲಕ್’. ಮಿತಿಯನ್ನು ಧಾರಾಳವಾಗಿ ಹಿಗ್ಗಿಸಿ. ಮುದ್ರಣದಲ್ಲಿ ಜಾಗ ಸಾಲದಿದ್ದರೆ ಎರಡನೇ ಸಾಲಿಗೆ ಬಿಡಿ, ಪದದ ನಡುವೆ ಕೊಯ್ಯಬೇಡಿ. ತನ್ನ ಹೆಸರು ಮುರಿದುಬಿದ್ದ ಕಾಗದವನ್ನು ಕೈಯಲ್ಲಿ ಹಿಡಿದವರಿಗೆ ಅದು ಸಣ್ಣ ದೋಷವಲ್ಲ.

ಪ್ರಶ್ನೆ: ಓದು ಬರದವರಿಗೆ ಅಕ್ಷರದ ಬದಲು ಚಿತ್ರ ಹಾಕಿದರೆ ಆಯಿತಲ್ಲವೇ? (ಮೈಸೂರಿನ ಓದುಗರು)

ಉತ್ತರ: ಯಾವ ಚಿತ್ರ ಎಂಬುದರ ಮೇಲಿದೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು ಬೆಂಗಳೂರಿನ ಕೊಳೆಗೇರಿಗಳ ಮನೆಗೆಲಸದ ಮಹಿಳೆಯರೊಂದಿಗೆ ಕೂತು, ಕೆಲಸ ಹುಡುಕುವ ಅಕ್ಷರರಹಿತ ಪರದೆಯೊಂದನ್ನು ರೂಪಿಸಿದ್ದರು. ಫೋಟೊಗಿಂತಲೂ ತೀರಾ ಸರಳ ಐಕಾನ್‌ಗಿಂತಲೂ ಕೈಯಿಂದ ಬರೆದ, ಕೊಂಚ ವಿವರವಿರುವ ಚಿತ್ರ ಸುಲಭವಾಗಿ ಗುರುತಾಯಿತು. ಕ್ರಿಯೆಯನ್ನು ತೋರಿಸದ ಚಿತ್ರ ಜಾಗದಂತೆ ಕಂಡಿತು. ಸಿಂಕಿನಲ್ಲಿ ಪಾತ್ರೆ ಇಟ್ಟರೆ ‘ಅಡುಗೆಮನೆ’, ಅದರ ಮೇಲೆ ನಲ್ಲಿಯಿಂದ ನೀರು ಸುರಿದರೆ ‘ಪಾತ್ರೆ ತೊಳೆಯುವುದು’. ಪ್ರತಿ ಚಿತ್ರಕ್ಕೂ ಮುಟ್ಟಿದರೆ ಮಾತಾಡುವ ಧ್ವನಿ ಸೇರಿಸಿ, ಅದು ಆ ಊರಿನ ಆಡುಮಾತಿನಲ್ಲಿರಲಿ. ಸಂಖ್ಯೆಗಳನ್ನು ಮಾತ್ರ ತೆಗೆಯಬೇಡಿ. ಅಕ್ಷರ ಬಾರದ ಅನೇಕರು ಬಸ್ಸಿನ ನಂಬರು, ದುಡ್ಡಿನ ಮೊತ್ತ ಸಲೀಸಾಗಿ ಓದುತ್ತಾರೆ.