ಗೆಳೆಯರ ಜೊತೆ ಲಡಾಖ್‌ನಲ್ಲಿ ಕಾಡು ಕುರಿ ಬೇಟೆಗೆ ಹೋಗಬಹುದಾ?

"ನಾವು ಬೆಂಗಳೂರಿನ ನಾಲ್ಕು ಜನ ಗೆಳೆಯರು. ಲಡಾಖ್‌ಗೆ ಹೋಗಿ ಕಾಡು ಕುರಿ ಬೇಟೆಯಾಡುವ ಆಸೆ ಇದೆ. ಒಬ್ಬನ ಊರು ಕೊಡಗು, ಮನೆಯಲ್ಲಿ ಕೋವಿ ಇದೆ. ಲೈಸೆನ್ಸ್ ಎಲ್ಲಿ ಸಿಗುತ್ತದೆ?" ಅಂತ ಕೇಳಿದ್ದೀರಿ.

ಲೈಸೆನ್ಸ್ ಸಿಗುವುದಿಲ್ಲ. ಭಾರತದಲ್ಲಿ ಎಲ್ಲಿಯೂ ಸಿಗುವುದಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಕೆಲವು ಪ್ರಾಣಿಗಳಿಗೆ ಶಿಕಾರಿ ಲೈಸೆನ್ಸ್ ಇನ್ನೂ ಉಳಿದಿತ್ತು. 1991ರ ತಿದ್ದುಪಡಿಯಲ್ಲಿ ಅದೂ ಹೋಯಿತು. ಲಡಾಖ್‌ಗೆ ಮೊದಲು ಬೇರೆ ಕಾನೂನು ಇತ್ತು, 2019ರ ನಂತರ ಅಲ್ಲಿಗೂ ಇದೇ ಕಾಯ್ದೆ. ಅಲ್ಲಿನ ಕಾಡು ಕುರಿಗಳು ಹುಲಿ, ಆನೆ ಇರುವ ಮೊದಲನೇ ಪಟ್ಟಿಯಲ್ಲೇ ಇವೆ. ಹೊಡೆದರೆ ಕನಿಷ್ಠ 3 ವರ್ಷ ಜೈಲು, 7 ವರ್ಷದವರೆಗೂ ಹೋಗಬಹುದು. ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಕಾಯ್ದೆಯ ಪ್ರಕಾರ ಗುಂಡು ಹಾರಿಸುವುದು ಮಾತ್ರ ಬೇಟೆ ಅಲ್ಲ. ಪ್ರಾಣಿಯನ್ನು ಅಟ್ಟುವುದು, ಆಮಿಷ ಇಟ್ಟು ಕರೆಯುವುದು ಕೂಡ ಬೇಟೆಯೇ. ಜೀಪಿನಲ್ಲಿ ಹಿಂಡಿನ ಹಿಂದೆ ಓಡಿಸಿಕೊಂಡು ಹೋಗಿ ವಿಡಿಯೋ ಮಾಡುವವರು ಇದನ್ನು ತಿಳಿದಿರಬೇಕು.

ನಿಮ್ಮ ಗೆಳೆಯರ ಕೋವಿ ವಿಚಾರ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ನಿಜ. ಆದರೆ ಅದು ಕೋವಿ ಇಟ್ಟುಕೊಳ್ಳಲಿಕ್ಕೆ, ಬೇಟೆಯಾಡಲಿಕ್ಕಲ್ಲ. "ಅಷ್ಟು ದೂರ ಯಾಕೆ, ನಮ್ಮ ತೋಟದ ಕಡೆ ಬನ್ನಿ, ಕಾಡುಕುರಿ ಹೊಡೆಯೋಣ" ಅಂತ ಯಾರಾದರೂ ಕರೆದರೂ ಹೋಗಬೇಡಿ. ಮಲೆನಾಡಿನ ಕಾಡುಕುರಿ ಜಿಂಕೆ ಜಾತಿಯದು, ಬೇರೆಯೇ ಪ್ರಾಣಿ. ಅದನ್ನು ಹೊಡೆಯುವುದೂ ಅಪರಾಧ.

ಹೊರದೇಶ ಅಂದರೆ ನೇಪಾಳದ ಧೋರ್ಪಾಟನ್ ಇದೆ. ಅಲ್ಲಿ ಸರ್ಕಾರವೇ ಇಷ್ಟು ತಲೆ ಅಂತ ನಿಗದಿ ಮಾಡಿ ಭರಲ್ ಅನ್ನುವ ಕಾಡು ಕುರಿಯ ಬೇಟೆಗೆ ಪರವಾನಗಿ ಕೊಡುತ್ತದೆ. ಬರುವವರಲ್ಲಿ ಹೆಚ್ಚಿನವರು ದೂರದೇಶದ ಶ್ರೀಮಂತರು. ಖರ್ಚು ಲಕ್ಷಗಟ್ಟಲೆ. ಕೊಂಬು ತಂದು ಮನೆಗೋಡೆಗೆ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ, ಇಲ್ಲಿ ಅದೇ ಒಂದು ಕೇಸಾಗುತ್ತದೆ. ನಾನಂತೂ ಹೋಗಿ ಅನ್ನುವುದಿಲ್ಲ.

ಆದರೂ ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಬೆಂಗಳೂರಿನಿಂದ ಲಡಾಖ್‌ಗೆ ಹೋಗುವವರು ಬೈಕು, ಪಾಂಗಾಂಗ್ ಅಂತ ಕೇಳುತ್ತಾರೆ. ಕುರಿಯ ಬಗ್ಗೆ ಕೇಳುವವರು ಎಲ್ಲಿದ್ದಾರೆ? ನಮ್ಮ ಗುಂಪು ಅಲ್ಲಿಗೆ ಹೋಗುವುದೇ ಆ ಕುರಿಗಳಿಗೋಸ್ಕರ. ಜಾಡು ಹಿಡಿಯುವುದು, ಗಾಳಿ ನೋಡುವುದು, ಗಂಟೆಗಟ್ಟಲೆ ಕಾಯುವುದು, ಹತ್ತಿರ ಸೇರುವುದು, ಬೇಟೆಗಾರ ಮಾಡುವ ಇದನ್ನೆಲ್ಲ ನಾವೂ ಮಾಡುತ್ತೇವೆ. ಕೋವಿ ಇರುವುದಿಲ್ಲ, ಅಷ್ಟೇ. ನೀವು ನಾಲ್ವರೂ ಹೀಗೆ ಹೋಗಿ ಅಂತ ನನ್ನ ಆಸೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಅಲ್ಲಿ ಮುಖ್ಯವಾಗಿ ಮೂರು ಬಗೆ. ಭರಲ್ ಅನ್ನು ಲಡಾಖಿಗಳು ನಾಪೋ ಅನ್ನುತ್ತಾರೆ. ಕಡಿದಾದ ಬಂಡೆಯ ಹತ್ತಿರವೇ ಮೇಯುತ್ತದೆ, ಅಪಾಯ ಕಂಡ ಕೂಡಲೇ ಬಂಡೆ ಹತ್ತಿಬಿಡುತ್ತದೆ. ಕುರಿಗೂ ಮೇಕೆಗೂ ನಡುವಿನ ಪ್ರಾಣಿ, ರಕ್ತಸಂಬಂಧ ನೋಡಿದರೆ ಮೇಕೆಗೇ ಹತ್ತಿರ. ಶಾಪು, ಅಂದರೆ ಯೂರಿಯಲ್, ಸಿಂಧೂ ಮತ್ತು ಶಯೋಕ್ ನದಿಗಳ ಪಕ್ಕದ ತಗ್ಗು ಇಳಿಜಾರುಗಳಲ್ಲಿ ಇರುತ್ತದೆ. ಊರು, ರಸ್ತೆ ಎಲ್ಲ ಬಂದಿರುವುದೂ ಅಲ್ಲೇ. ಬ್ರಿಟಿಷರ ಕಾಲದ ಸಾಹೇಬರಿಗೂ ಅದು ಸುಲಭವಾಗಿ ಸಿಗುತ್ತಿತ್ತು, ಹಾಗಾಗಿ ಜಾಸ್ತಿ ಪೆಟ್ಟು ತಿಂದದ್ದೂ ಅದೇ. ಮೂರನೆಯದು ನ್ಯಾನ್, ಅಂದರೆ ಅರ್ಗಲಿ. ಕಾಡು ಕುರಿಗಳಲ್ಲೇ ದೊಡ್ಡದು, ಉದ್ದ ಕಾಲು. ಬಯಲಲ್ಲಿರುತ್ತದೆ, ನಿಮ್ಮನ್ನು ಕಂಡರೆ ಹತ್ತುವುದಿಲ್ಲ, ಓಡುತ್ತದೆ. ಮೊದಲ ಸಲ ಹೋಗುವವರು ನಾಪೋ ಹುಡುಕಿ.

ಹುಡುಕುವುದೇ ದೊಡ್ಡ ಕೆಲಸ. ಬೂದು ಬೆಟ್ಟದ ಮೇಲೆ ಬೂದು ಪ್ರಾಣಿ. ಇಡೀ ಕುರಿ ಕಾಣಲಿ ಅಂತ ನೋಡಿದರೆ ಏನೂ ಕಾಣುವುದಿಲ್ಲ. ಬಿಳಿ ಹಿಂಭಾಗ, ಕಾಲಿನ ಮೇಲಿನ ಕಪ್ಪು ಪಟ್ಟೆ, ಕೊಂಬಿನ ಬಾಗು, ಇಂಥ ತುಣುಕು ಹುಡುಕಬೇಕು. ಬೈನಾಕ್ಯುಲರ್ ಅನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿ, ಸ್ವಲ್ಪ ಕೆಳಗಿಳಿಸಿ, ಮತ್ತೆ ಬಲದಿಂದ ಎಡಕ್ಕೆ. ಬಿಸಿಲು ಸರಿದ ಮೇಲೆ ಅದೇ ಇಳಿಜಾರನ್ನು ಮತ್ತೊಮ್ಮೆ ನೋಡಿ. ಖಾಲಿ ಅಂದುಕೊಂಡ ಜಾಗದಲ್ಲಿ ಹಿಂಡೇ ಮಲಗಿರುತ್ತದೆ. ಮಧ್ಯಾಹ್ನ ಮೆಲುಕು ಹಾಕುತ್ತಾ ಕೂತಿರುತ್ತವೆ, ಬೆಳಿಗ್ಗೆ ಮತ್ತು ಸಂಜೆ ಮೇಯಲು ಏಳುತ್ತವೆ.

ಆಮೇಲೆ ಗಾಳಿ. ಬಿಸಿಲೇರಿದ ಮೇಲೆ ಕಣಿವೆಯ ಗಾಳಿ ಮೇಲಕ್ಕೆ ಬೀಸುತ್ತದೆ, ಸೂರ್ಯ ಮುಳುಗಿದರೆ ಕೆಳಕ್ಕೆ ಇಳಿಯುತ್ತದೆ. ಹಗಲಲ್ಲಿ ಕುರಿಗಿಂತ ಮೇಲಿದ್ದರೆ ನಿಮ್ಮ ವಾಸನೆ ಅವಕ್ಕೆ ತಲುಪುವುದಿಲ್ಲ. ಅವು ಕೆಳಗಡೆಯೇ ಜಾಸ್ತಿ ನೋಡುತ್ತಿರುತ್ತವೆ, ಅದೂ ಅನುಕೂಲ. ತಲೆ ಎತ್ತಿ ನಿಮ್ಮನ್ನೇ ನೋಡಿ ಮೇಯುವುದು ನಿಲ್ಲಿಸಿದರೆ ಅಲ್ಲೇ ಕೂತುಬಿಡಿ. ಅದಕ್ಕಿಂತ ಹತ್ತಿರ ಹೋಗುವುದು ಬೇಡ.

ಹೇಮಿಸ್ ರಾಷ್ಟ್ರೀಯ ಉದ್ಯಾನದೊಳಗೆ ರುಂಬಕ್ ಅಂತ ಒಂದು ಹಳ್ಳಿ ಇದೆ. ಅಲ್ಲಿನ ಮನೆಗಳಲ್ಲೇ ಉಳಿಯಬಹುದು. ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ, ನಮ್ಮ ಜೊತೆ ಬಂದ ಆ ಮನೆಯ ಅಣ್ಣ (ಅಲ್ಲಿ ಆಚೋ ಅನ್ನುತ್ತಾರೆ) ಎದುರು ಬೆಟ್ಟದ ಕಡೆ ಗದ್ದ ಎತ್ತಿ ತೋರಿಸಿದರು. ನಮಗೆ ಕಲ್ಲು ಬಿಟ್ಟರೆ ಏನೂ ಕಾಣಲಿಲ್ಲ. ಒಂದು ಕಲ್ಲು ಎದ್ದು ನಿಂತಿತು. ಆಮೇಲೆ ಇನ್ನೊಂದು. ಎರಡೂ ನಾಪೋದ ದೊಡ್ಡ ಟಗರುಗಳು, ಬೆದೆಯ ಕಾಲ. ಉತ್ತರ ಕರ್ನಾಟಕದ ಟಗರಿನ ಕಾಳಗ ನೋಡಿದ್ದೀರಲ್ವಾ? ಅಲ್ಲಿ ಟಗರು ಹಿಂದೆ ಸರಿದು ಓಡಿಬಂದು ಗುದ್ದುತ್ತದೆ. ಇವು ಹಾಗಲ್ಲ. ಒಂದು ಟಗರು ಹಿಂಗಾಲ ಮೇಲೆ ಪೂರಾ ಎದ್ದು ನಿಂತು, ಕತ್ತು ಓರೆ ಮಾಡಿ, ಮೇಲಿಂದ ಇನ್ನೊಂದರ ಕೊಂಬಿನ ಮೇಲೆ ಬಿತ್ತು. ನಿಂತ ಜಾಗ ಒಂದು ಆಳು ಅಗಲವೂ ಇರಲಿಲ್ಲ. ಕೊಂಬಿಗೆ ಕೊಂಬು ತಾಗಿದ್ದು ಮೊದಲು ಕಾಣಿಸಿತು, ಸದ್ದು ಆಮೇಲೆ ಬಂತು, ಟಕ್ ಅಂತ. ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಚಹಾ ಫ್ಲಾಸ್ಕಿನಲ್ಲೇ ಉಳಿಯಿತು.

ಹೊರಡುವ ಮೊದಲು ಕೆಲವು ಮಾತು. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನದಲ್ಲಿ ಇಳಿದವರು ಎರಡು ದಿನ ಸುಮ್ನೆ ಮಲಗಿ, ನೀರು ಕುಡಿಯಿರಿ. ತಲೆನೋವು, ವಾಂತಿ ಶುರುವಾದರೆ ಇನ್ನೂ ಮೇಲೆ ಹೋಗಲೇಬೇಡಿ. ಚಳಿಗಾಲದ ರಾತ್ರಿ ಚಳಿ ಸೊನ್ನೆಗಿಂತ ಎಷ್ಟೋ ಕೆಳಗೆ, ಕ್ಯಾಮೆರಾ ಬ್ಯಾಟರಿಯನ್ನು ಅಂಗಿಯೊಳಗೆ ಇಟ್ಟುಕೊಳ್ಳಿ. ಬೈನಾಕ್ಯುಲರ್ 8x42 ಅಥವಾ 10x42 ಸಾಕು. ಅದನ್ನು ಇಲ್ಲೇ ಅಭ್ಯಾಸ ಮಾಡಿ. ರಾಮನಗರದ ರಾಮದೇವರ ಬೆಟ್ಟಕ್ಕೆ ಭಾನುವಾರ ಬೆಳಿಗ್ಗೆ ಹೋಗಿ ಬಂಡೆಯಲ್ಲಿ ರಣಹದ್ದು ಹುಡುಕಿ. ಬಂಡೆಯನ್ನು ಸಾಲು ಸಾಲಾಗಿ ನೋಡುವ ರೂಢಿ ಅಲ್ಲೇ ಬರುತ್ತದೆ.

ಲಡಾಖ್‌ಗೆ ಈ ವರ್ಷ ರಜೆ ಸಿಗದಿದ್ದರೆ ಮುನ್ನಾರ್ ಕಡೆ ಎರವಿಕುಲಂ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬನ್ನಿ. ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ಸು. ಅಲ್ಲಿನ ನೀಲಗಿರಿ ತಾರ್ ನೋಡಲು ಮೇಕೆ ಥರ, ಆದರೆ 2005ರಲ್ಲಿ ಡಿಎನ್‌ಎ ನೋಡಿದವರು ಅದು ಕುರಿಗೇ ಹತ್ತಿರ ಅಂದಿದ್ದಾರೆ. ಕೇರಳ, ತಮಿಳುನಾಡು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಮರಿ ಹಾಕುವ ಕಾಲ ಅಂತ ಫೆಬ್ರವರಿ, ಮಾರ್ಚ್‌ನಲ್ಲಿ ಸಾಮಾನ್ಯವಾಗಿ ಉದ್ಯಾನ ಮುಚ್ಚಿರುತ್ತಾರೆ. ಏಪ್ರಿಲ್‌ನಲ್ಲಿ ಹೋದರೆ ತಾಯಿಯ ಹಿಂದೆ ಓಡುವ ಮರಿಗಳನ್ನೂ ನೋಡಬಹುದು.