ಓದುಗರ ಪ್ರಶ್ನೆ: ಹೋಮರ್ ಮತ್ತು ತತ್ವಜ್ಞಾನಿಗಳು

ಪ್ರಶ್ನೆ: ಹೋಮರನ ಬಗೆಗಿನ ವಿದ್ವತ್ ಗ್ರಂಥಗಳಲ್ಲಿ ‘ಇಲಿಯಡ್ 22.122’ ಎಂಬಂಥ ಅಂಕಿಗಳು ಬರುತ್ತವೆ. ನನ್ನ ಅನುವಾದದಲ್ಲಿ ಆ ಸಾಲಿಗೆ ಹೋದರೆ ಬೇರೇನೋ ಇರುತ್ತದೆ. ತಪ್ಪು ಯಾರದು?

ಉತ್ತರ: ಯಾರದೂ ಅಲ್ಲ. ಚುಕ್ಕೆಗೆ ಮೊದಲಿನದು ಸರ್ಗ. ಹೋಮರನ ಇಲಿಯಡ್, ಒಡಿಸ್ಸಿ ಎರಡೂ ಕಾವ್ಯಗಳಿಗೆ 24 ಸರ್ಗಗಳು. ಚುಕ್ಕೆಯ ನಂತರದ್ದು ಗ್ರೀಕ್ ಮೂಲದ ಸಾಲು, ಅನುವಾದದ ಸಾಲಲ್ಲ. ರಾಬರ್ಟ್ ಫೇಗಲ್ಸ್ ಅವರ ಇಂಗ್ಲಿಷ್ ಅನುವಾದ ತನ್ನದೇ ಲೆಕ್ಕ ಇಟ್ಟುಕೊಂಡಿದೆ, ಮೂಲದ ಸಂಖ್ಯೆ ಪುಟದ ಮೇಲ್ತುದಿಯಲ್ಲಿರುತ್ತದೆ. ಉಲ್ಲೇಖ ಹುಡುಕುತ್ತ ಓದುವವರಿಗೆ ರಿಚ್ಮಂಡ್ ಲ್ಯಾಟಿಮೋರ್ ಅವರ 1951ರ ಇಲಿಯಡ್ ಅನುಕೂಲ, ಮೂಲದ ಜೊತೆ ಸಾಲಿಗೆ ಸಾಲು ನಡೆಯುತ್ತದೆ. ಒಡಿಸ್ಸಿಗೆ ಎಮಿಲಿ ವಿಲ್ಸನ್ ಅವರ 2017ರ ಅನುವಾದ ಮೂಲದಷ್ಟೇ ಸಾಲುಗಳಲ್ಲಿದೆ. ಹಳೆಯ ಗ್ರಂಥಗಳಲ್ಲಿ ಸರ್ಗದ ಅಂಕಿಯ ಬದಲು ಗ್ರೀಕ್ ಅಕ್ಷರ ಕಂಡರೆ ಗಾಬರಿ ಬೇಡ: ದೊಡ್ಡಕ್ಷರವಾದರೆ ಇಲಿಯಡ್, ಸಣ್ಣಕ್ಷರವಾದರೆ ಒಡಿಸ್ಸಿ. ಪ್ಲೇಟೋನ ಮುಂದಿರುವ ‘441ಬಿ’ಯಂಥ ಗುರುತು ಮಾತ್ರ ಬೇರೆ ಜಾತಿಯದು, ಅದು 1578ರ ಸ್ಟೆಫಾನಸ್ ಮುದ್ರಣದ ಪುಟ ಮತ್ತು ಭಾಗ.

ಪ್ರಶ್ನೆ: ಹೋಮರನ ವೀರರಿಗೆ ‘ತಾನು’ ಎಂಬ ಅರಿವೇ ಇರಲಿಲ್ಲ ಎಂದು ಜರ್ಮನ್ ವಿದ್ವಾಂಸ ಬ್ರೂನೋ ಸ್ನೆಲ್ ಹೇಳುತ್ತಾರೆ. ಇಂಗ್ಲಿಷ್ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ಅದನ್ನು ಅಲ್ಲಗಳೆಯುತ್ತಾರೆ. ಯಾರನ್ನು ಮೊದಲು ಓದಲಿ, ಯಾರನ್ನು ನಂಬಲಿ?

ಉತ್ತರ: ಮೊದಲು ಇಬ್ಬರನ್ನೂ ಬದಿಗಿಟ್ಟು ಮೂರು ಕಡೆ ಹೋಮರನನ್ನು ಓದಿ: ಇಲಿಯಡ್ 19.86–138, ಇಲಿಯಡ್ 22.99–130, ಒಡಿಸ್ಸಿ 22.139–156. ಎಲ್ಲ ಸೇರಿ ನೂರು ಸಾಲಿಗೆ ತುಸು ಮಾತ್ರ ಹೆಚ್ಚು. ಆಮೇಲೆ ಸ್ನೆಲ್ ಅವರ 1946ರ ಗ್ರಂಥದ (ಇಂಗ್ಲಿಷಿನಲ್ಲಿ ‘ದ ಡಿಸ್ಕವರಿ ಆಫ್ ದ ಮೈಂಡ್’) ಮೊದಲ ಅಧ್ಯಾಯ, ಕೊನೆಗೆ ವಿಲಿಯಮ್ಸ್ ಅವರ 1993ರ ‘ಶೇಮ್ ಅಂಡ್ ನೆಸೆಸಿಟಿ’ಯ ಎರಡು ಮತ್ತು ಮೂರನೆಯ ಅಧ್ಯಾಯಗಳು.

ಸ್ನೆಲ್ ವಾದದ ಬುಡ ಪದಕೋಶದಲ್ಲಿದೆ. ಜೀವಂತ ದೇಹವನ್ನು ಒಟ್ಟಾಗಿ ಹೇಳುವ ಪದ ಹೋಮರನಲ್ಲಿಲ್ಲ. ‘ಸೋಮಾ’ ಅಂದರೆ ಅಲ್ಲಿ ಹೆಣ. ಮನಸ್ಸಿಗೂ ಒಂದೇ ಪದವಿಲ್ಲ: ಥುಮೋಸ್ (ಭಾವ, ಹುರುಪು), ನೋಓಸ್ (ಗ್ರಹಿಕೆ), ಫ್ರೆನೆಸ್ (ಎದೆಯೊಳಗಿನ ಬುದ್ಧಿ) ಎಂದು ಬಿಡಿಬಿಡಿಯಾಗಿವೆ. ಆದ್ದರಿಂದ ಇಡಿಯಾದ ವ್ಯಕ್ತಿಯ ಕಲ್ಪನೆಯೂ ಇಲ್ಲ, ತಾನೇ ನಿರ್ಧರಿಸಿದೆ ಎಂಬ ಅರಿವೂ ಇಲ್ಲ ಎನ್ನುತ್ತಾರೆ. ಎಡವಿದ್ದು ಈ ‘ಆದ್ದರಿಂದ’ದಲ್ಲಿ. ಪದ ಇಲ್ಲದಿದ್ದರೆ ಪರಿಕಲ್ಪನೆಯೂ ಇಲ್ಲವೆಂದಾಗುವುದಿಲ್ಲ. ಕನ್ನಡದಲ್ಲಿ ಕರುಳು ಚುರುಕ್ಕೆನ್ನುತ್ತದೆ, ಹೊಟ್ಟೆ ಉರಿಯುತ್ತದೆ, ಮನಸ್ಸು ಒಪ್ಪುವುದಿಲ್ಲ. ಹಾಗೆಂದು ಮಾತಾಡುವವನು ಚೂರುಚೂರಾಗಿದ್ದಾನೆ ಅನ್ನುತ್ತೇವೆಯೇ?

ಈಗ ಸಾಲುಗಳಿಗೆ ಬನ್ನಿ. ಅಕಿಲೀಸ್‌ನನ್ನು ಎದುರಿಸಲು ಟ್ರಾಯ್ ಕೋಟೆಯ ಹೊರಗೆ ಒಬ್ಬನೇ ನಿಂತ ಟ್ರೋಜನ್ ವೀರ ಹೆಕ್ಟರ್ ಒಳಗೆ ಹೋದರೆ ಏನಾಗುತ್ತದೆ, ಆಯುಧ ಕೆಳಗಿಟ್ಟರೆ ಏನಾಗುತ್ತದೆ ಎಂದು ಒಂದೊಂದಾಗಿ ತೂಗುತ್ತಾನೆ. 22.122ರಲ್ಲಿ ‘ನನ್ನ ಥುಮೋಸ್ ಇದನ್ನೆಲ್ಲ ಯಾಕೆ ಚರ್ಚಿಸಿತು’ ಎಂದು ತನ್ನನ್ನೇ ತಡೆಯುತ್ತಾನೆ. ಚರ್ಚೆ ಥುಮೋಸ್‌ನದು, ತಡೆದವನು ಯಾರು? ಆದರೆ ಈ ಒಂದು ಸಾಲಿನ ಮೇಲೆಯೇ ಎಲ್ಲ ಭಾರ ಹಾಕಬೇಡಿ. ಅದು ಸಿದ್ಧ ಸೂತ್ರ: ಒಡಿಸ್ಯೂಸ್ (11.407), ಮೆನೆಲಾವೋಸ್ (17.97), ಅಗೆನೋರ್ (21.562), ಅಕಿಲೀಸ್ (22.385) ಕೂಡ ಅದನ್ನೇ ಆಡುತ್ತಾರೆ. ಸಾಕ್ಷಿಯಾಗುವುದು ಅದರ ಹಿಂದುಮುಂದಿನ ಇಪ್ಪತ್ತು–ಮೂವತ್ತು ಸಾಲುಗಳ ತರ್ಕ.

19ನೆಯ ಸರ್ಗದ್ದು ಇನ್ನೂ ಸ್ವಾರಸ್ಯ. ‘ನಾನು ಐತಿಯೋಸ್ ಅಲ್ಲ’, ಅಂದರೆ ಕಾರಣನಲ್ಲ, ಜ್ಯೂಸ್ ನನ್ನ ಬುದ್ಧಿ ಕೆಡಿಸಿದ ಎನ್ನುತ್ತಾನೆ, ಅಕಿಲೀಸ್‌ನಿಂದ ಅವನ ಬಹುಮಾನ ಕಿತ್ತುಕೊಂಡಿದ್ದ ಗ್ರೀಕ್ ದಂಡನಾಯಕ ಅಗಮೆಮ್ನಾನ್. ವಿದ್ವಾಂಸ ಇ. ಆರ್. ಡಾಡ್ಸ್ 1951ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥ ‘ದ ಗ್ರೀಕ್ಸ್ ಅಂಡ್ ದ ಇರ್ಯಾಷನಲ್’ನ ಮೊದಲ ಅಧ್ಯಾಯವೇ ಈ ಮಾತಿನ ವಿಶ್ಲೇಷಣೆ. ಅವಸರದ ಓದುಗರು 86ನೆಯ ಸಾಲಿಗೇ ನಿಲ್ಲುತ್ತಾರೆ. 137–138ರಲ್ಲಿ ಅದೇ ಅಗಮೆಮ್ನಾನ್, ಬುದ್ಧಿ ಕೆಟ್ಟಿತ್ತಾದ್ದರಿಂದ ಅಪಾರ ಪರಿಹಾರ ಕೊಡುತ್ತೇನೆ ಎನ್ನುತ್ತಾನೆ: ದೋಷ ದೇವರದು, ದಂಡ ತನ್ನದು. ಪಕ್ಕದಲ್ಲಿ ಒಡಿಸ್ಸಿ 22ರ ಟೆಲೆಮಾಕಸ್‌ನನ್ನು, ಒಡಿಸ್ಯೂಸ್‌ನ ಮಗನನ್ನು, ಇಡಿ. ಆಯುಧದ ಕೋಣೆಯ ಬಾಗಿಲು ತೆರೆದೇ ಬಿಟ್ಟಿದ್ದರಿಂದ ಶತ್ರುಗಳಿಗೆ ಹನ್ನೆರಡು ಗುರಾಣಿ, ಹನ್ನೆರಡು ಈಟಿ ಸಿಕ್ಕವು. ‘ತಪ್ಪು ನನ್ನದೇ, ಬೇರೆ ಯಾರೂ ಐತಿಯೋಸ್ ಅಲ್ಲ’ ಎನ್ನುತ್ತಾನೆ ಅವನು. ಪದ ಅದೇ, ಬಳಕೆ ತಿರುವುಮುರುವು. ವಿಲಿಯಮ್ಸ್ ಈ ಎರಡನ್ನು ಜೋಡಿಸಿಯೇ ಹೊಣೆಗಾರಿಕೆಯ ವಾದ ಕಟ್ಟುತ್ತಾರೆ. ನಮಗೆ ಒಪ್ಪಿಗೆಯಾಗುವುದು ಅದೇ. ಸ್ನೆಲ್ ಅವರ ಪದವಿವರಣೆಗಳು ಮಾತ್ರ ಇಂದಿಗೂ ಉಪಯುಕ್ತ.

ಪ್ರಶ್ನೆ: ಜರ್ಮನ್ ತತ್ವಜ್ಞಾನಿಗಳಾದ ಅಡೋರ್ನೋ ಮತ್ತು ಹೋರ್ಕ್‌ಹೈಮರ್ ‘ಡಯಲೆಕ್ಟಿಕ್ ಆಫ್ ಎನ್‌ಲೈಟನ್‌ಮೆಂಟ್’ ಗ್ರಂಥದಲ್ಲಿ ಒಡಿಸ್ಯೂಸ್‌ನನ್ನು ಬೂರ್ಜ್ವಾ ಎನ್ನುತ್ತಾರಲ್ಲ, ಹಾಡಿನಿಂದ ನಾವಿಕರನ್ನು ಸೆಳೆದು ಕೊಲ್ಲುವ ಸೈರನ್‌ಗಳ ಪ್ರಸಂಗ ನಿಜಕ್ಕೂ ಅಷ್ಟು ಹೇಳುತ್ತದೆಯೇ?

ಉತ್ತರ: ಅಷ್ಟು ಹೇಳುವುದಿಲ್ಲ. ಕಿವಿಗೆ ಮೇಣ ಮೆತ್ತಿಸಿಕೊಂಡು ಹುಟ್ಟು ಹಾಕುವವರು ಕಾರ್ಮಿಕರು, ಕಂಬಕ್ಕೆ ಕಟ್ಟಿಸಿಕೊಂಡು ಹಾಡು ಕೇಳುವವನು ಒಡೆಯ ಎಂಬುದು ಅವರ ಓದು. ಆದರೆ ಒಡಿಸ್ಸಿ 12.47–54 ನೋಡಿ: ಮೇಣ, ಹಗ್ಗ, ಬಿಚ್ಚೆಂದರೆ ಇನ್ನೂ ಬಿಗಿಯಿರಿ ಎಂಬ ಸೂಚನೆ, ಎಲ್ಲವೂ ಮಾಟಗಾತಿ ದೇವತೆ ಕಿರ್ಕೆ ಹೇಳಿಕೊಟ್ಟದ್ದು. ಜಾಣತನ ಪೂರ್ತಿ ಒಡಿಸ್ಯೂಸ್‌ನದಲ್ಲ. ಅವರ ವಾದ ಪಠ್ಯಕ್ಕೆ ಹೊಂದುವುದು 9ನೆಯ ಸರ್ಗದಲ್ಲಿ: ಒಕ್ಕಣ್ಣ ದೈತ್ಯನಿಗೆ ‘ಯಾರೂ ಅಲ್ಲ’ ಎಂದು ಹೆಸರು ಹೇಳಿ ಪಾರಾಗುವುದು (9.366), ಕೊನೆಗೆ ತಡೆಯಲಾರದೆ ನಿಜ ಹೆಸರು ಕೂಗಿ (9.504–505) ದೈತ್ಯನ ತಂದೆ, ಕಡಲದೇವ ಪೊಸೈಡನ್‌ನ ಕೋಪಕ್ಕೆ ಗುರಿಯಾಗುವುದು. ಈ ಗ್ರಂಥ ದೇಶಭ್ರಷ್ಟರು ಬರೆದದ್ದು. 1944ರಲ್ಲಿ ಸೈಕ್ಲೋಸ್ಟೈಲ್‌ನಂಥ ಪ್ರತಿಗಳಾಗಿ, 1947ರಲ್ಲಿ ಆಮ್‌ಸ್ಟರ್‌ಡಾಂನಲ್ಲಿ ಪುಸ್ತಕವಾಗಿ ಬಂತು. ತಮ್ಮ ಕಾಲದ ಯುರೋಪಿನ ರೋಗಪರೀಕ್ಷೆಯಾಗಿ ಅದನ್ನು ಓದಿ.

ಪ್ರಶ್ನೆ: ಗ್ರೀಕ್ ಕಲಿಯದೆ ಇವೆಲ್ಲ ಓದಬಹುದೇ?

ಉತ್ತರ: ಓದಬಹುದು. ಲಿಪಿ ಮಾತ್ರ ಕಲಿಯಿರಿ, 24 ಅಕ್ಷರ. ಥುಮೋಸ್, ನೋಓಸ್, ಪ್ಸುಖೇ (ಸ್ಥೂಲವಾಗಿ ಪ್ರಾಣ), ತಿಮೇ (ಮಾನ), ಐದೋಸ್ (ನಾಚಿಕೆ), ಆತೇ (ಬುದ್ಧಿಗೇಡು) ಈ ಆರು ಪದಗಳನ್ನು ಅನುವಾದಿಸಿಕೊಳ್ಳದೆ ಹಾಗೇ ಇಟ್ಟುಕೊಂಡು, ಕಂಡಲ್ಲೆಲ್ಲ ಸಾಲಿನ ಸಂಖ್ಯೆ ಬರೆದಿಡಿ. ಒಂದು ಎಚ್ಚರಿಕೆ: ಬಿಡಿ ವಿಶೇಷಣದಿಂದ ತತ್ವ ಹಿಂಡಬೇಡಿ. ಇಲಿಯಡ್ 1.488–489ರಲ್ಲಿ ಅಕಿಲೀಸ್ ಮುನಿಸಿಕೊಂಡು ಹಡಗುಗಳ ಬಳಿ ಸುಮ್ಮನೆ ಕೂತಿದ್ದಾನೆ. ಆಗಲೂ ಕವಿ ಅವನನ್ನು ಕರೆಯುವುದು ‘ಚುರುಕು ಪಾದದವನು’ ಎಂದೇ. ಅದು ಛಂದಸ್ಸಿನ ಜಾಗ ತುಂಬುವ ಸೂತ್ರ ಎಂಬುದನ್ನು ಹೋಮರ್ ವಿದ್ವಾಂಸ ಮಿಲ್ಮನ್ ಪ್ಯಾರಿ 1928ರಲ್ಲೇ ತೋರಿಸಿದ್ದಾರೆ.