ಎದುರಿನವರ ತುಟಿ ನೋಡುತ್ತಿದ್ದ ಬಾಲಣ್ಣ

ನಮಸ್ಕಾರ ಅಮ್ಮಾ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉಳಿದ ಓದುಗರಿಗೂ ಗೊತ್ತಾಗಲಿ ಅಂತ ಅದರಲ್ಲಿದ್ದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಡಿಗ್ರಿ ಮುಗಿಸಿದ ನಿಮ್ಮ ಮಗ ಊರಿನ ನಾಟಕ ತಂಡದಲ್ಲಿ ಹಾಸ್ಯದ ಪಾತ್ರ ಮಾಡುತ್ತಾನೆ. ಅದನ್ನೇ ಬದುಕು ಮಾಡಿಕೊಳ್ಳುತ್ತೇನೆ ಅನ್ನುತ್ತಾನೆ. ಚಿಕ್ಕಂದಿನಿಂದ ಅವನಿಗೆ ಒಂದು ಕಿವಿ ಮಂದ. "ಕಿವೀನೇ ಕೇಳಲ್ಲ, ಇವನು ಜನರನ್ನ ಏನು ನಗಿಸ್ತಾನೆ" ಅಂತ ನೆಂಟರು ಆಡಿಕೊಳ್ಳುತ್ತಾರೆ. ಕೊನೆಗೆ ನಮ್ಮನ್ನೂ ಕೇಳಿದ್ದೀರಿ: "ಹೀರೋಗಳ ಬಗ್ಗೆ ಪುಟಗಟ್ಟಲೆ ಬರೀತೀರಿ, ನಗಿಸಿದವರ ಬಗ್ಗೆ ಯಾಕೆ ಬರೆಯಲ್ಲ?"

ಆ ತಪ್ಪು ನಮ್ಮದೇ. ಒಪ್ಪಿಕೊಂಡು ಬರೆಯುತ್ತಿದ್ದೇನೆ. ನಿಮ್ಮ ನೆಂಟರಿಗೆ ಹೇಳಬೇಕಾದ ಉತ್ತರವೂ ಒಬ್ಬ ಹಾಸ್ಯನಟನ ಬದುಕಿನಲ್ಲೇ ಇದೆ.

ಟಿ.ಎನ್. ಬಾಲಕೃಷ್ಣ ಅರಸೀಕೆರೆಯವರು. ಎಲ್ಲರ ಬಾಯಲ್ಲೂ ಬಾಲಣ್ಣ. ನಾಟಕಗಳಲ್ಲಿ ಪಳಗಿ, 1943ರ 'ರಾಧಾರಮಣ'ದಲ್ಲಿ ಸಿನಿಮಾಕ್ಕೆ ಬಂದರು. 1995ರ ಜುಲೈನಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಚಿತ್ರಗಳು 500 ದಾಟಿದ್ದವು. ಇಷ್ಟನ್ನೂ ಮಾಡಿದ ಆ ಮನುಷ್ಯನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಹಾಸ್ಯ ಅಂದರೆ ಟೈಮಿಂಗ್ ಅನ್ನುತ್ತೇವೆ. ಎದುರಿನವರ ಮಾತು ಮುಗಿಯುವುದಕ್ಕೂ ನಮ್ಮ ಮಾತು ಶುರುವಾಗುವುದಕ್ಕೂ ನಡುವೆ ಎಷ್ಟು ಬಿಡಬೇಕು ಅನ್ನುವ ಲೆಕ್ಕ ಅದು. ಸ್ವಲ್ಪ ಬೇಗ ಆದರೆ ನಗು ಹುಟ್ಟುವುದೇ ಇಲ್ಲ. ತಡವಾದರೆ ಸತ್ತುಹೋಗುತ್ತದೆ. ಕಿವಿ ಕೇಳದವರು ಇದನ್ನು ಹೇಗೆ ಹಿಡಿದರು? ಬಾಲಣ್ಣ ಎದುರಿನವರ ತುಟಿ ನೋಡುತ್ತಿದ್ದರು.

ನಿಮ್ಮ ಪತ್ರ ಬಂದ ರಾತ್ರಿ 1972ರ 'ಬಂಗಾರದ ಮನುಷ್ಯ' ಹಾಕಿಕೊಂಡೆ. ಸೌಂಡ್ ಪೂರ್ತಿ ತೆಗೆದುಬಿಟ್ಟೆ. ಅವರಿಗೆ ಕಂಡ ಹಾಗೆ ನನಗೂ ಕಾಣಲಿ ಅಂತ. ಅದರಲ್ಲಿ ಅವರು ರಾಚೂಟಪ್ಪ, ನಾಯಕ ರಾಜೀವನ ಬೆನ್ನಿಗೆ ನಿಲ್ಲುವ ಹಿರಿಯ. ಬಾಲಣ್ಣನ ಕಣ್ಣನ್ನೇ ನೋಡುತ್ತಾ ಕೂತೆ. ಆ ಕಣ್ಣು ಎದುರಿನ ಮುಖ ಬಿಟ್ಟು ಆಚೆ ಹೋಗುವುದು ತೀರಾ ಕಡಿಮೆ. ಅವರು ಮಾತಾಡುವುದಕ್ಕೆ ಮೊದಲೇ ಮುಖ ಉತ್ತರ ಕೊಟ್ಟಿರುತ್ತದೆ. ನಾವು ಅದನ್ನು ಅಭಿನಯ ಅಂದುಕೊಂಡು ಮೆಚ್ಚಿಕೊಂಡೆವು. ಅವರಿಗೆ ಅದು ಕೇಳಿಸಿಕೊಳ್ಳುವ ದಾರಿಯೂ ಆಗಿತ್ತು. ಹಾಗೆ ನೋಡಬೇಕಾದರೆ ತನ್ನ ಮಾತಿನ ಜೊತೆಗೆ ಎದುರಿನವರ ಮಾತೂ ಚೆನ್ನಾಗಿ ಗೊತ್ತಿರಬೇಕು ಅಲ್ವಾ? ಒಬ್ಬ ನಟನಿಗೆ ಎರಡರಷ್ಟು ಕೆಲಸ.

ಈ ಕೆಲಸದ ಬೇರು ಕಂಪನಿ ನಾಟಕದಲ್ಲಿದೆ. ನಿಮ್ಮ ಮಗನಿಗೆ ಇದು ಗೊತ್ತಿದ್ದರೆ ಒಳ್ಳೆಯದು. ದರ್ಬಾರ್ ಸೀನ್ ಮುಗಿದ ಮೇಲೆ ಸಿಂಹಾಸನ ಎತ್ತಬೇಕು, ಕಾಡು ಹೂಡಬೇಕು. ಆಗ ಮುಂದೆ ರಸ್ತೆ ಪರದೆ, ಅಂದರೆ ಬೀದಿಯ ಚಿತ್ರ ಬರೆದ ಪರದೆ, ಬೀಳುತ್ತದೆ. ಪರದೆಗೂ ದೀಪಗಳಿಗೂ ನಡುವೆ ನಾಲ್ಕು ಹೆಜ್ಜೆ ಜಾಗ. ಅಲ್ಲಿಗೆ ಹಾಸ್ಯದವನು ಬರುತ್ತಾನೆ. ಹಿಂದೆ ಸುತ್ತಿಗೆ ಸದ್ದು, ಮುಂದೆ ತುಂಬಿದ ಸಭೆ. ಒಳಗಿನಿಂದ ಇನ್ನೂ ಸಿದ್ಧ ಆಗಿಲ್ಲ ಅಂತ ಸನ್ನೆ ಬಂದರೆ ಮಾತು ಬೆಳೆಸಬೇಕು. ಆಯಿತು ಅಂದರೆ ನಗು ಏರಿದ್ದಾಗಲೇ ಹೊರಡಬೇಕು. ಯಾವ ಹೀರೋಗೂ ಈ ಕಷ್ಟ ಇರಲಿಲ್ಲ.

ಇನ್ನೊಬ್ಬ ಹಾಸ್ಯನಟ, ತಿಪಟೂರಿನ ನರಸಿಂಹರಾಜು, ಚಿಕ್ಕ ಹುಡುಗನಾಗಿದ್ದಾಗಲೇ ಇಂಥ ರಂಗ ಹತ್ತಿದವರು. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ನಾಯಕರಾಗಿ ಬಂದರಲ್ಲ, ಇವರೂ ಸಿನಿಮಾಕ್ಕೆ ಬಂದದ್ದು ಅದರಲ್ಲೇ. ಆಮೇಲಿನ 25 ವರ್ಷದಲ್ಲಿ 250ಕ್ಕೂ ಜಾಸ್ತಿ ಚಿತ್ರ. ಸಣಕಲು ಮೈ, ಮುಂದಕ್ಕೆ ಬಂದ ಹಲ್ಲು. ಕನ್ನಡಿ ಮುಂದೆ ನಿಂತು ಕೊರಗಬಹುದಾಗಿದ್ದನ್ನೇ ಬಂಡವಾಳ ಮಾಡಿಕೊಂಡರು. 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ಅವರ ನಕ್ಷತ್ರಿಕನನ್ನು ನೋಡಿ. ಮನೆ ಮಠ ಕಳೆದುಕೊಂಡ ರಾಜನ ಬೆನ್ನುಬಿದ್ದು ಸಾಲ ತೀರಿಸು ಅಂತ ಕಾಡುವವನು. ಬೈದುಕೊಳ್ಳಬೇಕಾದ ಪಾತ್ರ ಅದು. ನಾವು ನಗುತ್ತೇವೆ, ನಗುತ್ತಲೇ ಹರಿಶ್ಚಂದ್ರನಿಗಾಗಿ ಹೊಟ್ಟೆ ಉರಿಯುತ್ತದೆ. ಎರಡನ್ನೂ ಒಟ್ಟಿಗೆ ಮಾಡಿಸುವುದು ಸಾಮಾನ್ಯದವರ ಕೈಲಾಗದು. 1979ರಲ್ಲಿ, ಇನ್ನೂ 56 ತುಂಬುವ ಮೊದಲೇ, ಅವರು ಹೊರಟುಹೋದರು. ನನಗೆ ಅದು ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ.

ನೀವು ಕೇಳಿದ ದೊಡ್ಡ ಪ್ರಶ್ನೆ ಸಂಪಾದನೆಯದು. ಸುಳ್ಳು ಧೈರ್ಯ ಹೇಳಲಾರೆ. ಕೆಲಸ ಇದ್ದಾಗ ಇದೆ, ಇಲ್ಲದಾಗ ಇಲ್ಲ. ಎಷ್ಟೋ ಜನರಿಗೆ ಇವತ್ತೂ ದಿನದ ಲೆಕ್ಕದಲ್ಲೇ ದುಡ್ಡು. ಕಾಲ್‌ಶೀಟ್, ಅಂದರೆ ಒಪ್ಪಿಕೊಂಡ ಶೂಟಿಂಗ್ ದಿನಗಳು, ಮುಗಿದರೂ ಬಾಕಿ ಉಳಿಯುವುದುಂಟು. ದೊಡ್ಡವರಿಗೂ ಖಾಲಿ ದಿನಗಳು ತಪ್ಪಿರಲಿಲ್ಲ. 1950ರ ದಶಕದಲ್ಲಿ ಕನ್ನಡದಲ್ಲಿ ಚಿತ್ರಗಳೇ ಕಡಿಮೆ. ತಯಾರಾಗುತ್ತಿದ್ದದ್ದೂ ಹೆಚ್ಚಾಗಿ ಮದ್ರಾಸಿನಲ್ಲಿ. ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿದರು. ಊರೂರು ಸುತ್ತಿ ನಾಟಕ ಆಡಿದರು. 1960ರಲ್ಲಿ ಆ ಸಂಘವೇ 'ರಣಧೀರ ಕಂಠೀರವ' ತೆಗೆಯಿತು. ನಾಲ್ವರಲ್ಲಿ ಇಬ್ಬರು ನಗಿಸುವವರು. ಗಮನಿಸಿ ಅಮ್ಮಾ, ಚಿತ್ರರಂಗ ಕಟ್ಟಿದ ಕೈಗಳಲ್ಲಿ ಅವರವೂ ಇವೆ. ಬಾಲಣ್ಣ ಅಷ್ಟಕ್ಕೇ ನಿಲ್ಲದೆ ಬೆಂಗಳೂರಿನ ಕೆಂಗೇರಿ ಹತ್ತಿರ ಅಭಿಮಾನ್ ಸ್ಟುಡಿಯೋವನ್ನೂ ಕಟ್ಟಿದರು. ಕನ್ನಡದ ಚಿತ್ರ ಕನ್ನಡದ ನೆಲದಲ್ಲೇ ತಯಾರಾಗಲಿ ಅನ್ನುವ ಆಸೆ ಅವರದು.

ನಿಮ್ಮ ಮಗನಿಗೆ ನಾನು ಹೇಳುವುದು ಇಷ್ಟು. ಪುಸ್ತಕದಲ್ಲಿ ತನ್ನ ಮಾತಿಗಷ್ಟೇ ಗೆರೆ ಎಳೆದುಕೊಳ್ಳುವುದು ಬೇಡ, ಎದುರಿನವರ ಮಾತನ್ನೂ ಬಾಯಿಪಾಠ ಮಾಡಲಿ. ಕೇಳುವ ಕಿವಿ ಜೊತೆಯವರ ಕಡೆ ಬರುವಂತೆ ನಿಲ್ಲುತ್ತೇನೆ ಅಂತ ನಿರ್ದೇಶಕರಿಗೆ ಮೊದಲೇ ಹೇಳಲಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಸಾಧ್ಯವಾದರೆ ಹೆಗ್ಗೋಡಿನ ನೀನಾಸಂನಂಥ ನಾಟಕ ಕಲಿಸುವ ಕಡೆ ಕಲಿಯಲಿ. ಜನವರಿಯಲ್ಲಿ ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಿ ಬರಲಿ. ನಾಟಕ ಕಂಪನಿಗಳು ಅಲ್ಲಿ ಸಾಲಾಗಿ ಟೆಂಟ್ ಹಾಕಿರುತ್ತವೆ. ಹಾಸ್ಯದವನು ಬಂದ ಕೂಡಲೇ ಸಭೆ ಹೇಗೆ ಮುಂದಕ್ಕೆ ಬಾಗುತ್ತದೆ ಅಂತ ಕಣ್ಣಾರೆ ನೋಡಲಿ. ಖಾಲಿ ದಿನಗಳಿಗೆ ಇನ್ನೊಂದು ದುಡಿಮೆಯೂ ಕೈಯಲ್ಲಿರಲಿ. ಅವನ ಡಿಗ್ರಿ ಅದಕ್ಕೆ ಆಗುತ್ತದೆ.

ಮುಂದಿನ ನಾಟಕ ಯಾವತ್ತು, ಎಲ್ಲಿ ಅಂತ ಒಂದು ಕಾರ್ಡ್ ಹಾಕಿ. ಬರುತ್ತೇನೆ. ಮುಂದಿನ ಸಾಲಿನಲ್ಲಿ ನಿಮ್ಮ ಪಕ್ಕ ಒಂದು ಕುರ್ಚಿ ಇಟ್ಟಿರಿ.

— ಸಂಪಾದಕ